ಎಡಗಡೆಯ ಕೊನೆಯ ಹಲ್ಲು

ನಮ್ಮೂರಿನ ಚರ್ಚಿನ ಹಿಂದೆ ನೊವಾಚೆಕ್ ಮನೆತನದ ಒಂದು ಸಮಾಧಿಕಲ್ಲಿದೆ. ‘ಎಲ್ಡನ್ ನೊವಾಚೆಕ್’ ಎಂದು ದೊಡ್ಡ ಅಕ್ಷರಗಳಲ್ಲಿ, ಅದರ ಕೆಳಗೆ ‘ಪತ್ನಿ ಲವೋನ್’ ಎಂದು ಸಣ್ಣದಾಗಿ ಕೆತ್ತಿದೆ. ಇಬ್ಬರೂ ಬದುಕಿದ್ದಾರೆ. ನಮ್ಮ ಕಡೆ ಕಲ್ಲನ್ನು ಮೊದಲೇ ಮಾಡಿಸಿಡುತ್ತಾರೆ, ಕೊನೆಯ ವರ್ಷವನ್ನು ಮಾತ್ರ ಖಾಲಿ ಬಿಟ್ಟು. ಎಲ್ಡನ್‌ನ ದನಗಳಿಗೆ ಒಡೆತನದ ಗುರುತಾಗಿ ಹಾಕುವ ಬರೆ ಅವನ ಅಜ್ಜನದು. ಹೆದ್ದಾರಿಯಿಂದ ಮನೆಗೆ ಹೋಗುವ ಮಣ್ಣುದಾರಿಯ ಹೆಸರು ನೊವಾಚೆಕ್ ರಸ್ತೆ. ಹತ್ತೊಂಬತ್ತನೇ ವಯಸ್ಸಿಗೆ ಮರಳುದಿಬ್ಬಗಳ ಸೀಮೆಯಿಂದ ಮದುವೆಯಾಗಿ ಬಂದ ಲವೋನ್ ಅವರಿಗೆ ತಮ್ಮದೇ ಎಂದು ಹೇಳಿಕೊಳ್ಳಲು ಅಲ್ಲಿದ್ದದ್ದು ಒಂದೇ. ಎರಡು ಕೋಟಿ ವರ್ಷಗಳ ಹಿಂದೆ ಸತ್ತ ಒಂದು ಪ್ರಾಣಿಗೆ ಅವರ ಹೆಸರಿಟ್ಟಿದ್ದರು.

ಅವರ ತಾಯಿಗೆ ಅಷ್ಟೂ ಇರಲಿಲ್ಲ. ಊರು ಆಕೆಯನ್ನು ಬದುಕಿರುವವರೆಗೂ ‘ಮಿಸೆಸ್ ಗಸ್ ಲಿಂಡೆಲ್’ ಎಂದೇ ಕರೆಯಿತು. ಸತ್ತಾಗ ಪತ್ರಿಕೆಯಲ್ಲಿ ಬಂದದ್ದೂ ಹಾಗೆಯೇ, ಗಂಡನ ಪೂರ್ತಿ ಹೆಸರಿನ ಹಿಂದೆ ಒಂದು ಮಿಸೆಸ್. ಲವೋನ್ ಇದನ್ನು ನನಗೆ ಒಮ್ಮೆ ಹೇಳಿದ್ದರು. ದೂರಿನ ಧ್ವನಿಯಲ್ಲಿ ಅಲ್ಲ, ನಾಳೆ ಗಾಳಿ ಜೋರಿರಬಹುದು ಎನ್ನುವಷ್ಟು ಸಹಜವಾಗಿ.

ಲವೋನ್ ಹೆಸರಿನ ಆ ಪ್ರಾಣಿ ಒಂದು ಕರಡಿನಾಯಿ. ಕರೆಯುವುದು ಹಾಗಾದರೂ ಅದು ಕರಡಿಯೂ ಅಲ್ಲ, ನಾಯಿಯೂ ಅಲ್ಲ. ಹಿಂದಿನ ವಿಜ್ಞಾನಿಗಳು ಹಲ್ಲು ನೋಡಿ ಅದನ್ನು ನಾಯಿಗಳ ಕುಟುಂಬಕ್ಕೆ ಸೇರಿಸಿದರು. ಆಮೇಲೆ ಬಂದವರು ಕಿವಿಯ ಮೂಳೆ ನೋಡಿ ಕರಡಿಗಳ ಹತ್ತಿರಕ್ಕೆ ತಂದರು. ಈಗ ಅದಕ್ಕೆ ಬೇರೆಯೇ ಕುಟುಂಬ. ನಾಯಿ, ಕರಡಿ, ಸೀಲ್, ನೀರುನಾಯಿಗಳೆಲ್ಲ ಟಿಸಿಲೊಡೆದ ಕೊಂಬೆಯ ಬುಡದಲ್ಲೆಲ್ಲೋ ಬೇರೆಯಾಗಿ, ಬಹಳ ಕಾಲ ಬಾಳಿ, ಒಂದು ಸಂತಾನವನ್ನೂ ಉಳಿಸದೆ ಹೋದ ಕವಲು ಅದು.

ನಮ್ಮ ಊರಿನ ಪುಟ್ಟ ಮ್ಯೂಸಿಯಂಗೆ ಬರುವವರಿಗೆ ಲವೋನ್ ಇದನ್ನು ವಿವರಿಸುತ್ತಿದ್ದ ರೀತಿ ಬೇರೆ. ಮೇಜಿನ ಮೇಲೆ ಮೂರು ತಲೆಬುರುಡೆಗಳನ್ನು ಮಗುಚಿ ಇಡುತ್ತಿದ್ದರು. ಒಂದು ಕಯೋಟಿ ತೋಳದ್ದು, ಒಂದು ಕಪ್ಪು ಕರಡಿಯದ್ದು, ಇನ್ನೊಂದು ‘ನಂದು’. ಬಂದವರ ಕೈಹಿಡಿದು ಕಿವಿಯ ಕೆಳಗೆ ಬೆರಳಿಡಿಸುತ್ತಿದ್ದರು. ತೋಳದಲ್ಲಿ ಅಲ್ಲಿ ಮೂಳೆ ಪ್ಯಾನ್‌ಕೇಕಿನ ಮೇಲೆ ಎದ್ದ ಗುಳ್ಳೆಯಂತೆ ಉಬ್ಬಿರುತ್ತದೆ. ಕರಡಿಯಲ್ಲಿ ಚಪ್ಪಟೆ. ಅವರದರಲ್ಲಿ ಅಂಟಿಯೂ ಅಂಟದಂತಿರುವ ಒಂದು ತೆಳ್ಳನೆಯ ಬಟ್ಟಲು. ಯಾರಾದರೂ ಪಾದದ ವಿಷಯ ಎತ್ತಿದರೆ, ಕರಡಿಗಳ ವಂಶದಲ್ಲೇ ನಾಯಿಯ ಹಾಗೆ ಬೆರಳ ಮೇಲೆ ಓಡುತ್ತಿದ್ದವೂ ಇದ್ದವು ಎಂದು ನೆನಪಿಸುತ್ತಿದ್ದರು. “ಕಾಲು ನೋಡಿ ಮನೆತನ ಹೇಳೋಕಾಗಲ್ಲ, ಕಿವಿ ತೋರ್ಸಿ,” ಎನ್ನುತ್ತಿದ್ದರು.

ಆ ಬುರುಡೆ ಅವರಿಗೆ ಸಿಕ್ಕಿದ್ದು ಬೇಲಿಯ ಹತ್ತಿರ. ನಲವತ್ತು ವರ್ಷಗಳಿಗೂ ಹಿಂದೆ, ಒಂದು ವಸಂತದಲ್ಲಿ, ಪಕ್ಕದ ಡ್ವೈಟ್ ಟೀಮನ್‌ನ ಜಮೀನಿಗೆ ನುಗ್ಗಿದ್ದ ಕಡಸನ್ನು ಹುಡುಕುತ್ತ ಹೋದಾಗ, ಹಿಮ ಕರಗಿ ಕುಸಿದ ದರೆಯಲ್ಲಿ ಹಲ್ಲುಗಳ ಸಾಲು ಕಂಡಿತ್ತು. ಬೇಲಿಯಿಂದ ಈಚೆಗೆ, ನೊವಾಚೆಕ್ ನೆಲದಲ್ಲೇ. ಡ್ವೈಟ್ ಇದನ್ನು ಎಂದೂ ಒಪ್ಪಲಿಲ್ಲ. ಬೇಲಿಯನ್ನೇ ಎಲ್ಡನ್‌ನ ಅಪ್ಪ ಸರಿಸಿದ್ದ ಎಂಬುದು ಅವನ ವಾದ. ಆ ಜಗಳ ಬೇಲಿಯ ಕಂಬಗಳಿಗಿಂತ ಹಳೆಯದು.

ಆ ಬೇಸಿಗೆಯಲ್ಲಿ ಪ್ರೊಫೆಸರ್ ಹ್ಯಾಲ್ವರ್ಸನ್ ತಮ್ಮ ತಂಡದೊಡನೆ ಬಂದು ನೊವಾಚೆಕ್ ಅಂಗಳದಲ್ಲಿ ಡೇರೆ ಹಾಕಿದರು. ಲವೋನ್ ಅವರಿಗೆಲ್ಲ ಅಡುಗೆ ಮಾಡಿ ಹಾಕಿದರು. ಸಂಜೆ ಪಾತ್ರೆ ತೊಳೆದ ಮೇಲೆ ಅವರ ಪಕ್ಕದಲ್ಲಿ ಕೂತು ಸೂಜಿ ಹಿಡಿಯುವುದನ್ನು ಕಲಿತರು. ಮೂಳೆಗೆ ತಾಗದಂತೆ ಕಲ್ಲನ್ನು ಕಣಕಣವಾಗಿ ಬಿಡಿಸುವ ಕೆಲಸ ಅದು. ಆ ಬುರುಡೆಯನ್ನು ಚಳಿಗಾಲವೆಲ್ಲ ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು ಬಿಡಿಸಿದವರು ಲವೋನ್ ಅವರೇ. ನೋಡಿದ ಪ್ರೊಫೆಸರರು ಇದೊಂದು ಹೊಸ ಪ್ರಭೇದ ಎಂದು ತೀರ್ಮಾನಿಸಿ ಅದಕ್ಕೆ ಲವೋನ್ ಹೆಸರಿಟ್ಟರು.

ಹೊಸ ಪ್ರಭೇದ ಎನ್ನಲು ಅವರ ಕಾರಣಗಳು ಎರಡು. ಟೀಮನ್ ಜಮೀನಿನಲ್ಲಿ ಬಹಳ ಹಿಂದೆ ಸಿಕ್ಕಿದ್ದ ಕರಡಿನಾಯಿಗೆ ಡ್ವೈಟ್‌ನ ಅಜ್ಜನ ಹೆಸರಿತ್ತು. ಇದು ಅದಕ್ಕಿಂತ ಸಾಕಷ್ಟು ಚಿಕ್ಕದು. ಜೊತೆಗೆ ಟೀಮನ್ ಪ್ರಾಣಿಗೆ ಮೇಲ್ದವಡೆಯ ಕಟ್ಟಕೊನೆಯಲ್ಲಿ ಬಟಾಣಿಯಷ್ಟು ಪುಟ್ಟ ಹಲ್ಲೊಂದು ಎರಡೂ ಕಡೆ ಇತ್ತು. ಲವೋನ್ ಪ್ರಾಣಿಗೆ ಅದು ಎರಡೂ ಕಡೆ ಇರಲಿಲ್ಲ.

ಮರುವರ್ಷ ಅದೇ ದರೆಯಲ್ಲಿ ಒಂದು ಬಿಲವೇ ಸಿಕ್ಕಿತು. ಕರಡಿನಾಯಿಗಳು ಮರಿ ಹಾಕುತ್ತಿದ್ದ ಬಿಲ, ಒಳಗೆ ಮರಳು ತುಂಬಿ ಕಲ್ಲಾಗಿತ್ತು. ಇಂಥದ್ದನ್ನು ಅಲ್ಲೇ ಬಿಡಿಸುವುದಿಲ್ಲ. ಸುತ್ತಲೂ ಕಡಿದು, ಗೋಣಿಪಟ್ಟಿಗಳನ್ನು ಪ್ಲಾಸ್ಟರಿನಲ್ಲಿ ಅದ್ದಿ ಸುತ್ತಿ, ಕವಚ ಗಟ್ಟಿಯಾದ ಮೇಲೆ ಆ ಕಲ್ಲಿನ ಬ್ಲಾಕನ್ನು ಇಡಿಯಾಗಿ ಎತ್ತುತ್ತಾರೆ. ಕೊನೆಯ ಬ್ಲಾಕ್ ಸುತ್ತುವ ಹೊತ್ತಿಗೆ ಪ್ಲಾಸ್ಟರ್ ಮುಗಿದಿತ್ತು. ಮಳೆಗೆ ಊರಿನ ದಾರಿ ಕಿತ್ತುಹೋಗಿತ್ತು. ಲವೋನ್ ಮನೆಯ ಗೋಧಿಹಿಟ್ಟನ್ನೆಲ್ಲ ಉಪ್ಪಿನಕಾಯಿ ಸೀಸೆಗಳನ್ನು ಕುದಿಸುವ ದೊಡ್ಡ ಪಾತ್ರೆಯಲ್ಲಿ ಅಂಟಾಗಿ ಕಾಯಿಸಿ, ಗೋಣಿಪಟ್ಟಿಗಳನ್ನು ಅದರಲ್ಲೇ ಅದ್ದಿ, ತಾವೇ ಬ್ಲಾಕ್ ಸುತ್ತಿದರು. ಹಳೆಯ ಕಾಲದವರು ಹಾಗೇ ಮಾಡುತ್ತಿದ್ದರು ಎಂದು ಪ್ರೊಫೆಸರ್ ಹುರಿದುಂಬಿಸಿದರಂತೆ. ಆ ವಾರ ಮನೆಯಲ್ಲಿ ಬ್ರೆಡ್ ಇರಲಿಲ್ಲ. ಲಾರಿ ತುಂಬಿದ್ದರಿಂದ ಬ್ಲಾಕ್ ಕೊಟ್ಟಿಗೆಯಲ್ಲೇ ಉಳಿಯಿತು. ಮುಂದಿನ ವರ್ಷ ಒಯ್ಯುವ ಮಾತಿತ್ತು. ಪ್ರೊಫೆಸರ್ ನಿವೃತ್ತರಾದರು, ಆಮೇಲೆ ತೀರಿಕೊಂಡರು. ಬ್ಲಾಕ್ ಅಲ್ಲೇ ಇತ್ತು.

ಅದರ ನೆನಪು ಮಾಡಿದ್ದು ಇಲಿಗಳು. ಕಳೆದ ಶರತ್ಕಾಲದಲ್ಲಿ ಎಲ್ಡನ್ ಹುಲ್ಲು ಸರಿಸುವಾಗ ನೋಡಿದರೆ, ಕವಚವನ್ನು ಒಂದು ಪಕ್ಕದಿಂದ ಇಲಿಗಳು ತಿಂದುಬಿಟ್ಟಿದ್ದವು. ಪ್ಲಾಸ್ಟರ್ ಆಗಿದ್ದರೆ ಮುಟ್ಟುತ್ತಿರಲಿಲ್ಲ. “ನಲವತ್ತು ವರ್ಷ ಆದ್ರೂ ನಿನ್ನ ಕೈರುಚಿ ಹೋಗಿಲ್ಲ ಕಣೇ,” ಎಂದು ಅವನು ಹೆಂಡತಿಗೆ ಹೇಳಿದ. ಮರಳುಗಲ್ಲು ಉದುರತೊಡಗಿತ್ತು. ಬ್ಲಾಕನ್ನು ಬೇಗ ಬಿಚ್ಚಲೇಬೇಕಿತ್ತು.

ಅದೇ ಸಮಯಕ್ಕೆ ವಿಶ್ವವಿದ್ಯಾಲಯದಿಂದ ಇನೆಸ್ ಬರ್ರಗಾನ್ ಬಂದರು. ಕರಡಿನಾಯಿಗಳ ವರ್ಗೀಕರಣವನ್ನು ಹೊಸದಾಗಿ ಪರಿಶೀಲಿಸುತ್ತಿದ್ದ ಅವರು, ಚಿಕ್ಕ ವಯಸ್ಸಿನವರಾದರೂ ಮಾತು ತೂಗಿ ಆಡುವವರು. ಹೇಳಬೇಕಾದ್ದನ್ನು ಬೇರೆಯವರ ಬಾಯಿಂದ ಹೇಳಿಸದೆ, ನೊವಾಚೆಕ್ ಅಡುಗೆಮನೆಗೆ ಬಂದು ಲವೋನ್ ಎದುರೇ ಕೂತರು. ಮ್ಯೂಸಿಯಂನ ಕೆಲಸದ ಕೋಣೆ ನನ್ನ ಉಸ್ತುವಾರಿಯಲ್ಲಿರುವುದರಿಂದ ನಾನೂ ಜೊತೆಗಿದ್ದೆ.

“ಎರಡೂ ಒಂದೇ ಪ್ರಭೇದ ಅಂತ ನನಗೆ ಅನುಮಾನ,” ಎಂದರು ಇನೆಸ್. “ದೊಡ್ಡದು ಗಂಡು, ಚಿಕ್ಕದು ಹೆಣ್ಣು. ಕರಡಿಗಳಲ್ಲೂ ಅಷ್ಟು ವ್ಯತ್ಯಾಸ ಇರುತ್ತೆ. ಆ ಕೊನೇ ಹಲ್ಲೊಂದೇ ಅಡ್ಡ ಬರ್ತಿರೋದು.”

ದೊಡ್ಡದು ಗಂಡೆಂದು ಹೇಗೆ ಗೊತ್ತು ಎಂದು ಎಲ್ಡನ್ ಕೇಳಿದ. ಇನೆಸ್ ಸಂಕೋಚವಿಲ್ಲದೆ ಹೇಳಿದರು: ನಾಯಿಗಳಂತೆ, ಕರಡಿಗಳಂತೆ ಇವುಗಳ ಗಂಡಿಗೂ ಗುಪ್ತಾಂಗದೊಳಗೆ ಒಂದು ಮೂಳೆ ಇರುತ್ತದೆ, ಟೀಮನ್ ಅಸ್ಥಿಪಂಜರದ ಜೊತೆ ಅದು ಸಿಕ್ಕಿದೆ.

“ಎರಡು ಕೋಟಿ ವರ್ಷ ಆದ್ಮೇಲೂ ಉಳ್ಕೊಂಡಿದ್ಯಾ? ಪುಣ್ಯವಂತ,” ಎಂದ ಎಲ್ಡನ್.

“ಬಾಯ್ಮುಚ್ಚು ಮುದ್ಕ,” ಎಂದರು ಲವೋನ್. ಆಮೇಲೆ ಇನೆಸ್ ಕಡೆ ತಿರುಗಿ, “ನೋಡಮ್ಮ, ಒಂದೇ ಅಂತಾದ್ರೆ ಯಾವ ಹೆಸ್ರು ಉಳಿಯುತ್ತೆ?” ಎಂದು ಕೇಳಿದರು.

“ಮೊದಲು ಇಟ್ಟಿದ್ದು. ಅದು ನಿಯಮ.” ಇನೆಸ್ ಕಣ್ಣು ತಪ್ಪಿಸಲಿಲ್ಲ. “ಟೀಮನ್‌ದು.”

ಲವೋನ್ ಎದ್ದು, ತುಂಬಿಯೇ ಇದ್ದ ಲೋಟಗಳಿಗೆ ಇನ್ನಷ್ಟು ಕಾಫಿ ಹಾಕಲು ಹೋದರು. ಇನೆಸ್ ಮುಂದುವರಿಸಿದರು. ಬಿಲದೊಳಗೆ ಇನ್ನೊಂದು ಬುರುಡೆ ಇದ್ದರೆ ಸಂಶಯ ತೀರಬಹುದು. ಬ್ಲಾಕನ್ನು ವಿಶ್ವವಿದ್ಯಾಲಯಕ್ಕೆ ಒಯ್ದು ಅಲ್ಲಿನವರಿಂದ ಬಿಚ್ಚಿಸಬಹುದು. ಲವೋನ್ ಈ ಕೆಲಸ ಮಾಡಲೇಬೇಕೆಂದಿಲ್ಲ, ಬೇಡ ಅಂದರೂ ಯಾರೂ ತಪ್ಪು ತಿಳಿಯುವುದಿಲ್ಲ.

“ಕಟ್ಟಿದೋಳು ನಾನು,” ಎಂದರು ಲವೋನ್. “ಬಿಚ್ಚೋಳೂ ನಾನೇ.”

ಹೀಗೆ ಚಳಿಗಾಲವಿಡೀ ಆ ಬ್ಲಾಕ್ ನಮ್ಮ ಕೆಲಸದ ಕೋಣೆಯಲ್ಲಿತ್ತು. ಲವೋನ್ ಬೆಳಿಗ್ಗೆ ಬಂದು ಕೋಟು ತೂಗುಹಾಕಿ, ದೀಪದ ಭೂತಗನ್ನಡಿ ಎಳೆದುಕೊಂಡು ಕೂರುತ್ತಿದ್ದರು. ನಮ್ಮಲ್ಲೊಂದು ರೂಢಿಯಿದೆ. ಮೂಳೆಗೆ ಮ್ಯೂಸಿಯಂನ ಸಂಖ್ಯೆ ಬೀಳುವವರೆಗೆ, ಅದನ್ನು ಬಿಡಿಸುವವರು ಅದಕ್ಕೊಂದು ಅಡ್ಡಹೆಸರಿಟ್ಟು ಕವಚದ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು. ಹಿಂದಿನ ಬೇಸಿಗೆಯಲ್ಲಿ ಸಿಕ್ಕ ಘೇಂಡಾಮೃಗದ ಪಳೆಯುಳಿಕೆ ಒಂದಕ್ಕೆ ‘ಪಾದ್ರಿ’ ಎಂದು ಹೆಸರಾಗಿತ್ತು. ಈ ಬ್ಲಾಕಿನ ಕವಚ ಮಾತ್ರ ಖಾಲಿ ಉಳಿಯಿತು. ಕೇಳಿದರೆ, ಒಳಗೆ ಯಾರಿದ್ದಾರೆಂದು ತಿಳಿಯಲಿ ಎನ್ನುತ್ತಿದ್ದರು.

ಸುದ್ದಿ ಊರಲ್ಲಿ ಹರಡಲು ಹೊತ್ತಾಗಲಿಲ್ಲ. ಶುಕ್ರವಾರ ಕೆಫೆಯಲ್ಲಿ ಚಿಲ್ಲಿ ಎಂಬ ಖಾರದ ಮಾಂಸದ ಸಾರು ಮತ್ತು ದಾಲ್ಚಿನ್ನಿ ಬನ್ ಮಾಡುತ್ತಾರೆ, ಊರೆಲ್ಲ ಅಲ್ಲಿರುತ್ತದೆ. ಡ್ವೈಟ್ ಬನ್ನನ್ನು ಚಿಲ್ಲಿಗೆ ಅದ್ದುತ್ತ, ಇಡೀ ಕೆಫೆಗೆ ಕೇಳುವಂತೆ, “ಏನೋ ಎಲ್ಡನ್, ನಿನ್ ಹೆಂಡ್ತಿ ನಾಯಿ ಬೇಲಿ ಹಾರಿ ನಮ್ಮಜ್ಜನ ಮನೆಗೆ ಬರುತ್ತಂತಲ್ಲ,” ಎಂದ.

“ಬೇಲಿ ನಿಮ್ಮಪ್ಪ ನೆಟ್ಟಿದ್ದಲ್ವಾ, ಏನು ಬೇಕಾದ್ರೂ ಹಾರುತ್ತೆ,” ಎಂದ ಎಲ್ಡನ್. ಲವೋನ್ ತಲೆ ಎತ್ತದೆ ಬನ್ನಿನ ಸುರುಳಿಯನ್ನು ಹೊರಗಿನಿಂದ ಒಳಕ್ಕೆ ಬಿಡಿಸಿ ತಿನ್ನುತ್ತಿದ್ದರು.

ಬ್ಲಾಕಿನೊಳಗೆ ನಿಜಕ್ಕೂ ಒಂದು ಬುರುಡೆ ಇತ್ತು. ಮಗುಚಿ ಬಿದ್ದಿತ್ತು, ಅಂಗುಳು ಮೇಲಾಗಿ. ಮೊದಲು ಹೊರಬಿದ್ದದ್ದು ಕಿವಿಯ ಭಾಗ. ಆ ತೆಳ್ಳನೆಯ ಬಟ್ಟಲು ಜಾಗ ಬಿಟ್ಟು ಕದಲಿರಲಿಲ್ಲ. ಕರಡಿನಾಯಿ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಗಾತ್ರ ಚಿಕ್ಕದು, ಲವೋನ್ ಪ್ರಾಣಿಯದೇ ಅಳತೆ. ಆಮೇಲೆ ಬಲಗಡೆಯ ಹಲ್ಲುಗಳು ಒಂದೊಂದಾಗಿ ಬೆಳಕಿಗೆ ಬಂದವು. ಕೊನೆಯ ದೊಡ್ಡ ಹಲ್ಲಿನ ಹಿಂದೆ ಮೂಳೆ ನುಣುಪಾಗಿ ಮುಗಿದಿತ್ತು. ಪುಟ್ಟ ಹಲ್ಲೂ ಇಲ್ಲ, ಅದು ಕೂತಿದ್ದ ಗುಳಿಯೂ ಇಲ್ಲ.

ಆ ದಿನ ಲವೋನ್ ಬೇಗ ಮನೆಗೆ ಹೋಗಿ, ಮರುದಿನ ಒಂದು ತಟ್ಟೆ ತುಂಬ ಎಲೆಕೋಸು ಮಾಂಸ ತುಂಬಿದ ಬನ್ನು ಮಾಡಿ ತಂದರು. ಏನು ವಿಶೇಷ ಎಂದು ನಾನು ಕೇಳಲಿಲ್ಲ. ಬಲಗಡೆ ಅವರ ಪರವಾಗಿತ್ತು, ಎಡಗಡೆ ಇನ್ನೂ ಕಲ್ಲಿನೊಳಗಿತ್ತು.

ಎಡಗಡೆ ಬಿಡಿಸಿದ್ದು ಮಾರ್ಚ್‌ನಲ್ಲಿ, ಮಧ್ಯಾಹ್ನದ ಹೊತ್ತು. ಚಾವಣಿಯ ಹಿಮ ಕರಗಿ ಕಿಟಕಿಯಾಚೆ ತೊಟ್ಟಿಕ್ಕುತ್ತಿತ್ತು. ನಾನು ಇನ್ನೊಂದು ಮೇಜಿನಲ್ಲಿ ಆಮೆಯ ಚಿಪ್ಪು ಜೋಡಿಸುತ್ತಿದ್ದೆ. ಲವೋನ್ ಸೂಜಿ ಕೆಳಗಿಟ್ಟು ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ನೋಡಿದರು. ಕಣ್ಣು ದಣಿದಿರಬೇಕು ಎಂದುಕೊಂಡೆ. ಅವರು ಕುಂಚದಿಂದ ಒಂದೇ ಜಾಗವನ್ನು, ಉಸಿರು ತಾಕಿದಷ್ಟೇ ಮೆಲ್ಲಗೆ, ಮತ್ತೆ ಮತ್ತೆ ಸವರುತ್ತಿದ್ದರು. ಬಹಳ ಹೊತ್ತಾದ ಮೇಲೆ ನಾನು ಎದ್ದು ಹೋಗಿ ಅವರ ಭುಜದ ಮೇಲಿಂದ ಬಗ್ಗಿ ನೋಡಿದೆ.

ಎಡಗಡೆ, ಕೊನೆಯಲ್ಲಿ, ಬಟಾಣಿಯಷ್ಟು ಹಲ್ಲು.

ಅದು ನಿಂತಿದ್ದ ರೀತಿಯನ್ನು ಹೇಳಬೇಕು. ಇಂಥ ಹಲ್ಲಿಗೆ ಒಂದೇ ಬೇರು. ಅಲ್ಲಿ ದವಡೆಯ ಅಂಚು ಹಿಂದೆಯೇ ಮುರಿದುಹೋಗಿತ್ತು, ಗುಳಿಯ ಗೋಡೆ ಉಳಿದಿರಲಿಲ್ಲ. ಹಲ್ಲನ್ನು ಹಿಡಿದಿದ್ದದ್ದು ಅದರ ಬುಡದ ಮರಳು ಮಾತ್ರ, ಲವೋನ್ ಸೂಜಿಯ ತುದಿಯಲ್ಲಿದ್ದ ಮರಳು. ಕುಂಚ ತುಸು ಜೋರಾಗಿ ತಾಗಿದರೆ ಸಾಕು, ಹಲ್ಲು ಕೆಳಗಿನ ತಟ್ಟೆಯ ಕಸಕ್ಕೆ ಬೀಳುತ್ತಿತ್ತು. ನಮ್ಮ ಕೆಲಸದಲ್ಲಿ ಇದು ಆಗುವುದೇ. ಕಸ ಜರಡಿ ಹಿಡಿದಾಗ ಸಿಕ್ಕರೂ ಅದು ಯಾವ ಹಲ್ಲು, ಯಾವ ಪ್ರಾಣಿಯದು ಎಂದು ಯಾರೂ ಆಣೆ ಮಾಡಿ ಹೇಳಲಾರರು. ಮುರಿದ ಅಂಚನ್ನು ನೋಡಿದವರು ಇಲ್ಲೇನೂ ತಿಳಿಯದು ಎಂದು ಬರೆದು ಮುಂದೆ ಹೋಗುತ್ತಾರೆ. ಇದು ಲವೋನ್ ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಆಡುವ ಯಾವ ಮಾತೂ ಅವರ ಮೇಲೆ ಅನುಮಾನಪಟ್ಟಂತೆ ಆಗುತ್ತಿತ್ತು.

“ತೆಳು ಅಂಟು ಕೊಡು,” ಎಂದರು.

ಕೊಟ್ಟೆ. ಅವರು ಸೂಜಿಯ ಮೊನೆಯನ್ನು ಅಂಟಿನಲ್ಲಿ ಅದ್ದಿ, ಹಲ್ಲಿನ ಬುಡಕ್ಕೆ ಒಂದು ತೊಟ್ಟು ಬಿಟ್ಟರು. ಅಂಟು ಮರಳಿನೊಳಕ್ಕೆ ಇಳಿಯುವುದು ಕಾಣಿಸಿತು. ಇನ್ನೊಂದು ತೊಟ್ಟು ಬಿಟ್ಟರು. ಒಣಗುವವರೆಗೆ ಒದ್ದೆ ಕುಂಚದ ತುದಿಯಿಂದ ಹಲ್ಲನ್ನು, ಹಾಲುಹಲ್ಲು ಅಲ್ಲಾಡುವ ಮಗುವಿನ ಬಾಯಲ್ಲಿ ಬೆರಳಿಟ್ಟ ಹಾಗೆ, ಹಗುರಾಗಿ ಹಿಡಿದುಕೊಂಡಿದ್ದರು. ಆಮೇಲೆ ಕೈ ತೆಗೆದರು. ಹಲ್ಲು ಅಲ್ಲಾಡಲಿಲ್ಲ.

“ಇನೆಸ್‌ಗೆ ಫೋನ್ ಮಾಡು. ಬಲಗಡೆ ಇಲ್ಲ, ಎಡಗಡೆ ಇದೆ, ಒಂದೇ ತಲೇಲಿ ಅಂತ ಹೇಳು.” ಸ್ವಲ್ಪ ತಡೆದು, “ಬೀಳದ ಹಾಗೆ ಅಂಟ್ಸಿದೀನಿ ಅಂತಾನೂ ಹೇಳು,” ಎಂದರು.

ಹೆಚ್ಚು ವಿವರಣೆ ಬೇಕಿರಲಿಲ್ಲ. ಪ್ರಭೇದವನ್ನು ಬೇರೆ ಮಾಡುವ ಗುರುತು ಒಂದೇ ಪ್ರಾಣಿಯ ಬಾಯಲ್ಲಿ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲವೆಂದರೆ, ಅದು ಗುರುತೇ ಅಲ್ಲ. ಕೆಲವು ಮನುಷ್ಯರಿಗೆ ಒಂದು ಬುದ್ಧಿಹಲ್ಲು ಬರದೇ ಇರುವುದಿಲ್ಲವೇ, ಹಾಗೆ. ಉಳಿದದ್ದು ಗಾತ್ರ. ಅದು ಹೆಣ್ಣು ಗಂಡಿನ ಮಾತು.

ಇನೆಸ್ ಮರುದಿನವೇ ಕಾರು ಓಡಿಸಿಕೊಂಡು ಬಂದರು. ಭೂತಗನ್ನಡಿಯ ಕೆಳಗೆ ಬಹಳ ಹೊತ್ತು ನೋಡಿದರು. ತಮ್ಮ ಅನುಮಾನ ನಿಜವಾದ ಸಂತೋಷವನ್ನು ಅವರು ಮುಚ್ಚಿಡಲೂ ಇಲ್ಲ, ಮೆರೆಸಲೂ ಇಲ್ಲ. ಆ ಹಲ್ಲು ಉಳಿದದ್ದು ಯಾರಿಂದ ಎಂಬುದು ಅವರಿಗೆ ಅರ್ಥವಾಗಿತ್ತು. ಅಂಟಿನ ಹೊಳಪನ್ನು ಕಂಡು ಲವೋನ್ ಕೈಯನ್ನು ಒಮ್ಮೆ ಹಿಡಿದು ಬಿಟ್ಟರು.

ಆಮೇಲೆ ಸಮಾಧಾನ ಹೇಳಲು ನೋಡಿದರು. ಒಮ್ಮೆ ಪ್ರಕಟವಾದ ಹೆಸರನ್ನು ಅಳಿಸುವುದಿಲ್ಲ, ಆ ಕುಲದಲ್ಲಿ ಬೇರೆ ಪ್ರಾಣಿಗೆ ಅದನ್ನು ಕೊಡುವಂತೆಯೂ ಇಲ್ಲ. ಟೀಮನ್ ಹೆಸರು ವಿವರವಾಗಿ ಬರೆಯುವ ಕಡೆಯೆಲ್ಲ ಅದರ ಕೆಳಗೆ ಲವೋನ್ ಹೆಸರೂ ಬರುತ್ತದೆ.

“ಮೇಲೆ ಒಬ್ರುದು, ಕೆಳಗೆ ಸಣ್ಣದಾಗಿ ನಂದು,” ಎಂದರು ಲವೋನ್.

“ಹೌದು,” ಎಂದರು ಇನೆಸ್. ಚರ್ಚಿನ ಹಿಂದಿನ ಕಲ್ಲಿನ ವಿಷಯ ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಕಿಟಕಿಯ ಕಡೆ ನೋಡಿದೆ.

ಆ ಶುಕ್ರವಾರ ಲವೋನ್ ಕೆಫೆಗೆ ಬರಲಾರರು ಎಂದುಕೊಂಡಿದ್ದೆ. ಬಂದರು, ಎಂದಿನ ಕುರ್ಚಿಯಲ್ಲೇ ಕೂತರು. ಡ್ವೈಟ್ ಆಗಲೇ ಅಲ್ಲಿದ್ದ. ಅವನು ಏನನ್ನುತ್ತಾನೋ ಎಂದು ಎಲ್ಲರೂ ಕಾಯುತ್ತಿದ್ದರು. ಅವನು ಎದ್ದು, ಟೋಪಿ ಕೈಯಲ್ಲಿ ಹಿಡಿದು, ಅವರ ಮೇಜಿನ ಪಕ್ಕ ಬಂದು ನಿಂತ.

“ನಮ್ಮಜ್ಜ ಆ ಮೂಳೆ ಒಂದ್ಸಲನೂ ನೋಡಿರ್ಲಿಲ್ಲ ಲವೋನ್,” ಎಂದ. “ಅಗೆಯೋಕೆ ಬಂದೋರು ಗೇಟ್ ಮುಚ್ಲಿಲ್ಲ ಅಂತ ಬೈತಿದ್ದನಂತೆ, ಅಷ್ಟೇ. ನೀನು ಅಡುಗೆಮನೇಲಿ ಇಟ್ಕೊಂಡು ಬಿಡಿಸ್ದೋಳು.”

ಲವೋನ್ ತಮ್ಮ ತಟ್ಟೆಯ ಬನ್ನಿನಲ್ಲಿ ಅರ್ಧ ಮುರಿದು ಅವನ ಕೈಗಿಟ್ಟರು. “ಆ ಗೇಟ್ ಈಗ್ಲೂ ನೀನು ಮುಚ್ಚಲ್ಲ,” ಎಂದರು. ಅವನು ಬನ್ನು ತಿನ್ನುತ್ತ ತನ್ನ ಜಾಗಕ್ಕೆ ಹೋದ. ಬೇಲಿಯ ಮಾತು ಅಂದು ಬರಲಿಲ್ಲ. ಮುಂದಿನ ವಾರ ಬಂತು.

ಮೇ ತಿಂಗಳಿಗೆ ಬುರುಡೆ ಪೂರ್ತಿ ಹೊರಬಂತು. ಅದರ ಕೆಳಗೆ, ಬಿಲದ ನೆಲದಲ್ಲಿ, ಹಾಲುಹಲ್ಲು ಇನ್ನೂ ಬೀಳದ ಒಂದು ಮರಿಯ ಕೆಳದವಡೆಯೂ ಸಿಕ್ಕಿತು. ಇದನ್ನು ಕಂಡಿದ್ದರೆ ಹ್ಯಾಲ್ವರ್ಸನ್ ಮೂರನೇ ಪ್ರಭೇದ ಮಾಡುತ್ತಿದ್ದರು ಎಂದು ಲವೋನ್ ನಕ್ಕರು. ಆ ನಗೆಯಲ್ಲಿ ಕಹಿಯಿರಲಿಲ್ಲ. ಆ ಮನುಷ್ಯನಿಗೆ ಅವರು ಎರಡು ಬೇಸಿಗೆ ಊಟ ಹಾಕಿದ್ದರು.

ಬುರುಡೆಗೆ ನಾನು ಸಂಖ್ಯೆ ಬರೆಯಬೇಕಿತ್ತು. ಮೂಳೆಯನ್ನು ಮೆತ್ತಗೆ ಕೂರಿಸಲು ನಾವು ಕವಚದ ತಳದ ಅರ್ಧವನ್ನು ತೊಟ್ಟಿಲಿನ ಹಾಗೆ ಉಳಿಸಿಕೊಳ್ಳುತ್ತೇವೆ. ಇಲಿಗಳು ತಿಂದದ್ದು ಮೇಲಿನ ಪಕ್ಕವನ್ನು. ತಳದ ಗೋಣಿಪಟ್ಟಿ ಗಟ್ಟಿಯಾಗಿತ್ತು, ಆ ವರ್ಷದ ಹಿಟ್ಟಿನ ಬಣ್ಣ ಹಳದಿಗೆ ತಿರುಗಿತ್ತು ಅಷ್ಟೇ. ಇನೆಸ್ ಮತ್ತು ಎಲ್ಡನ್ ಇಬ್ಬರೂ ಅಂದು ಅಲ್ಲಿದ್ದರು. ಸಂಖ್ಯೆ ಬೀಳುವ ಮುಂಚೆ ಅಡ್ಡಹೆಸರು ಇಡುವುದು ಬಾಕಿ ಇದೆ ಎಂದು ಇನೆಸ್ ನೆನಪಿಸಿದರು. ಅವರ ಮನಸ್ಸಿನಲ್ಲಿದ್ದದ್ದು ಲವೋನ್ ತಮ್ಮ ಹೆಸರನ್ನೇ ಬರೆಯಲಿ ಎಂದು. ನನ್ನ ಮನಸ್ಸಿನಲ್ಲೂ ಅದೇ ಇತ್ತು.

ಲವೋನ್ ಸೀಮೆಸುಣ್ಣ ತೆಗೆದುಕೊಂಡು ಕವಚದ ಪಕ್ಕಕ್ಕೆ ಬಗ್ಗಿ ಬರೆದರು. ‘ಆಲ್ಮಾ’ ಎಂದಿತ್ತು.

ಯಾರು ಎಂದು ಇನೆಸ್ ಕೇಳಿದರು.

“ನಮ್ಮಮ್ಮ,” ಎಂದರು ಲವೋನ್. “ಅವಳ ಹೆಸ್ರನ್ನ ಯಾರೂ ಎಲ್ಲೂ ಬರೆದಿರ್ಲಿಲ್ಲ.”

ಬುರುಡೆಯ ಮೇಲೆ ನಾನು ಸಂಖ್ಯೆ ಬರೆದೆ, ಕಪ್ಪು ಶಾಯಿಯಲ್ಲಿ. ರೂಢಿಯಂತೆ ಆಮೇಲೆ ಒದ್ದೆ ಬಟ್ಟೆಯಿಂದ ಸೀಮೆಸುಣ್ಣದ ಹೆಸರನ್ನು ಒರೆಸಬೇಕು. ಬಟ್ಟೆಯನ್ನು ಅತ್ತ ಇಟ್ಟು, ತೆಳು ಅಂಟಿನ ಸೀಸೆ ತೆಗೆದು, ಆ ಅಕ್ಷರಗಳ ಮೇಲೆ ಕುಂಚದಿಂದ ಒಂದು ಪದರ ಸವರಿದೆ. ಲವೋನ್ ನೋಡುತ್ತಿದ್ದರು, ಬೇಡ ಎನ್ನಲಿಲ್ಲ. ಆಲ್ಮಾಳನ್ನು ಒಯ್ದು ಉಕ್ಕಿನ ಬೀರುವಿನಲ್ಲಿ, ಲವೋನ್ ಹೆಸರಿನ ಬುರುಡೆ ಇರುವ ಅದೇ ಖಾನೆಯಲ್ಲಿ, ಅದರ ಪಕ್ಕಕ್ಕೆ ಇಟ್ಟೆವು. ಮರಿಯ ದವಡೆ ಇಬ್ಬರ ನಡುವೆ ಹಿಡಿಸಿತು.

ಎಲ್ಡನ್ ಬೀರುವಿನ ಬಾಗಿಲನ್ನು ಎರಡು ಸಲ ತೆಗೆದು ಮುಚ್ಚಿ ಸಂದು ನೋಡಿದ.

“ಇದ್ರೊಳಗೆ ಇಲಿ ಬರಲ್ಲ ತಾನೇ?” ಎಂದು ಕೇಳಿದ.